ಐದನೆಯ ಹೆಸರು

ಮನೆಯಿಂದ,
ಹದಿನಾರನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಬಂದರಿನ ಉಪ್ಪುಗಾಳಿಗೆ ನಿಮ್ಮ ಕೆಮ್ಮು ಮತ್ತೆ ಶುರುವಾಗಿರಬೇಕು ಎಂದು ನನಗೆ ಅನುಮಾನ. ಕ್ರೇನಿನ ಏಣಿ ಹತ್ತುವಾಗ ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳಿ. ಅದನ್ನು ಕೊಂಡದ್ದು ಗೋಡೆಯ ಮೊಳೆಗೆ ತೂಗುಹಾಕಲು ಅಲ್ಲ. ಹೋದ ಕಾಗದದಲ್ಲಿ ‘ನಾನು ಆರಾಮ’ ಎಂದು ಎರಡೇ ಪದ ಬರೆದು, ಅಲ್ಲಿಯ ಹೊಸ ಕಂಟ್ರೋಲ್ ಪ್ಯಾನಲ್ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ಪ್ಯಾನಲ್ ಕ್ಷೇಮವಾಗಿದೆ ಎಂದು ತಿಳಿದು ಸಂತೋಷವಾಯಿತು. ಈ ಸಲ ನಿಮ್ಮ ವಿಷಯವೂ ನಾಲ್ಕು ಸಾಲು ಬರಲಿ.

ನಾನು ಇದ್ದೇನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ರೋಲರಿನ ಮುಂದೆ ನಿಂತು ನಿಂತು, ಸಂಜೆಯ ಹೊತ್ತಿಗೆ ಕಾಲು ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ. ಹೊಸ ವಾರ್ಡು ಶುರುವಾಗಿದೆ, ಅಂದರೆ ನಮಗೆ ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ಹೆಚ್ಚು. ಮಡಿಸುವ ಜನ ಮಾತ್ರ ಮೊದಲಿನಷ್ಟೇ. ಎದುರು ನಿಂತು ಬಟ್ಟೆಯ ಇನ್ನೆರಡು ತುದಿ ಹಿಡಿಯುವ ನನ್ನ ಜೊತೆಗಾತಿ ಉದ್ದಕ್ಕನಿಗೂ ಮೊಣಕೈ ಹಿಡಿದುಕೊಂಡಿದೆ. ಇಬ್ಬರೂ ಸೇರಿ ಮಡಿಸಿದ್ದು ಈಗ ಸೊಟ್ಟಗೇ ಬರುತ್ತದೆ, ಮೇಲ್ವಿಚಾರಕಿ ನೋಡಿಯೂ ನೋಡದವಳಂತೆ ಹೋಗುತ್ತಾಳೆ. ಮಗಳು ಶುಕ್ರವಾರ ಫೋನ್ ಮಾಡಿದ್ದಳು. ಮೊಮ್ಮಗನಿಗೆ ಮುಂದಿನ ಎರಡು ಹಲ್ಲು ಬಿದ್ದಿವೆಯಂತೆ, ಅಜ್ಜ ಬಂದು ಬೆಸುಗೆ ಹಾಕಿಕೊಡಲಿ ಎನ್ನುತ್ತಾನಂತೆ. ಇವತ್ತು ಬಾಯ್ಲರ್ ರಿಪೇರಿ ಎಂದು ಲಾಂಡ್ರಿಗೆ ರಜೆ. ಅದಕ್ಕೇ ಹಗಲು ಹೊತ್ತಿನಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡಿ. ನೀವು ಫೋನ್ ಹಿಡಿದರೆ ಪಕ್ಕದಲ್ಲಿ ನಾಲ್ಕು ಜನ ಇರುತ್ತಾರೆ, ನಾನು ಏನು ಹೇಳಿದರೂ ‘ಹೂಂ, ಹೂಂ, ಆಮೇಲೆ’ ಎನ್ನುತ್ತೀರಿ. ಇದು ಹೂಂ ಎಂದು ಮುಗಿಸುವ ವಿಷಯವಲ್ಲ.

ಭಾನುವಾರ ನಿಮ್ಮ ಕಂಪ್ಯೂಟರ್ ಬಳಗದ ಈ ವರ್ಷದ ಪಿಕ್ನಿಕ್ ಮುಗಿಯಿತು. ನೀವಿಲ್ಲದ ಮೊದಲನೆಯದು. ನನಗೆ ಹೋಗುವ ಮನಸ್ಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಸೆ ಇಟ್ಟುಕೊಂಡೇ ಹೋದೆ. ಆ ಆಸೆ ಏನೆಂದು ನಿಮಗೆ ಗೊತ್ತು: ಈ ಸಲವಾದರೂ ಆ ಯಂತ್ರ ಬೇರೆ ಯಾರದಾದರೂ ಮನೆ ತೋರಿಸಲಿ.

ಈ ಪದ್ಧತಿಯನ್ನು ಲಾಂಡ್ರಿಯಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ. ಏಳು ಮನೆಯವರು, ಏಳು ಮನೆಯ ಗಂಡಸರಿಗೂ ಹಳೆಯ ಕಂಪ್ಯೂಟರಿನ ಹುಚ್ಚು. ಗುಜರಿಗೆ ಹೋಗುವ ಡಬ್ಬವನ್ನು ಹೊತ್ತು ತಂದು, ಬಿಚ್ಚಿ, ಒರೆಸಿ, ಬೆಸುಗೆ ಹಾಕಿ, ಅದು ಪರದೆಯ ಮೇಲೆ ಒಂದು ಚುಕ್ಕಿ ತೋರಿಸಿದರೆ ಮನೆಯಲ್ಲಿ ಮಗು ಹುಟ್ಟಿದಂತೆ ಕುಣಿಯುವವರು. ಪ್ರತಿ ಭಾನುವಾರ ಸೇರಲು ಒಂದು ಮನೆ ಬೇಕು. ಯಾರ ಮನೆ ಎನ್ನುವುದನ್ನು ಮನುಷ್ಯರು ಕೂತು ಮಾತಾಡಿ ತೀರ್ಮಾನಿಸಿದರೆ ಅವಮಾನ. ವರ್ಷಕ್ಕೊಮ್ಮೆ ಪಾರ್ಕಿನಲ್ಲಿ, ನೀವು ಬರೆದ ಪ್ರೋಗ್ರಾಮು ಚೀಟಿ ಎತ್ತಿ ಹೇಳಬೇಕು. ಏಳು ಹೆಸರು, ಒಂದು ಗುಂಡಿ. ಮೊದಲ ವರ್ಷ ಗಡಿಯಾರ ರಿಪೇರಿಯವರ ಮನೆಗೆ ಬಂತು. ಎರಡನೆಯ ವರ್ಷ ನಮ್ಮ ಮನೆಗೆ ಬಂತು. ಬಂದದ್ದು ಮತ್ತೆ ಹೋಗಲೇ ಇಲ್ಲ. ಪ್ರತಿ ವರ್ಷವೂ ಪಾರ್ಕಿನಿಂದ ಮನೆಗೆ ಬಂದು ನೀವು ಕೈ ಚೆಲ್ಲಿ, ‘ಯಂತ್ರ ಹೇಳಿದ ಮೇಲೆ ನಾನೇನು ಮಾಡ್ಲಿ ಹೇಳು’ ಎನ್ನುತ್ತಿದ್ದಿರಿ. ನಾನು ಹಣೆಬರಹ ಎಂದುಕೊಂಡು ಒಲೆ ಹಚ್ಚುತ್ತಿದ್ದೆ.

ಹನ್ನೊಂದು ವರ್ಷ. ವಾರದ ಆರು ದಿನ ರೋಗಿಗಳ ಹಾಸಿಗೆ ಬಟ್ಟೆ, ಏಳನೆಯ ದಿನ ಏಳು ಜನರ ಟೀ ಲೋಟ. ಮುಂದಿನ ಕೋಣೆಯ ತುಂಬ ತಂತಿ, ಪರದೆ ಬಟ್ಟೆಗೂ ಹತ್ತಿಕೊಂಡ ಬೆಸುಗೆಯ ವಾಸನೆ, ಸೋಫಾದ ಸಂದಿಯಲ್ಲಿ ಸ್ಕ್ರೂ. ಅವರು ಕೆಟ್ಟವರಲ್ಲ, ನಾನು ಹಾಗೆ ಹೇಳುತ್ತಿಲ್ಲ. ನನಗೆ ಜ್ವರ ಬಂದಾಗ ಲೆಕ್ಕದ ಮೇಷ್ಟ್ರು ತೋಳು ಮಡಚಿ ಲೋಟ ತೊಳೆದಿದ್ದರು. ಮಾರನೆಯ ದಿನ ನಾನು ಎಲ್ಲವನ್ನೂ ಇನ್ನೊಮ್ಮೆ ತೊಳೆದೆ ಎನ್ನುವುದು ಬೇರೆ ಮಾತು. ಆದರೆ ಅಷ್ಟು ವರ್ಷದಲ್ಲಿ ಒಂದು ಭಾನುವಾರವೂ ನಾನು ಮಧ್ಯಾಹ್ನ ಕಾಲು ಚಾಚಿ ಮಲಗಿದವಳಲ್ಲ. ನೀವು ಬಂದರಿನ ಕೆಲಸಕ್ಕೆ ಹೋದ ಈ ಎಂಟು ತಿಂಗಳೂ ಅವರು ಬರುವುದನ್ನು ಬಿಡಲಿಲ್ಲ, ನಾನು ಬೇಡ ಎನ್ನಲಿಲ್ಲ. ಯಂತ್ರದ ತೀರ್ಪು ಪೂರ್ತಿ ವರ್ಷದ್ದು ತಾನೆ. ಊರಿಗೆ ಉಪಕಾರಿ ಎಂದು ನಿಮ್ಮನ್ನು ಛೇಡಿಸುತ್ತಿದ್ದೆ. ಗಾದೆಯ ಉಳಿದ ಅರ್ಧವನ್ನು ಗಂಡನೆಂದು ನುಂಗಿಕೊಂಡಿದ್ದೆ.

ಈಗ ಪಿಕ್ನಿಕ್ಕಿನ ಕಥೆ ಕೇಳಿ. ಯಾವ ಮನೆಯಿಂದ ಏನು ತರಬೇಕು ಎಂದು ಮೂರು ವಾರ ಚರ್ಚೆ ಮಾಡಿ, ಮೇಷ್ಟ್ರು ಅಂದವಾಗಿ ಪಟ್ಟಿ ಟೈಪ್ ಮಾಡಿ ಯಂತ್ರದೊಳಗೆ ಇಟ್ಟರು. ಬೇಕಾದಾಗ ನೋಡಿಕೊಳ್ಳಬಹುದಲ್ಲ ಎಂದು ಒಬ್ಬರೂ ಕಾಗದದ ಮೇಲೆ ಬರೆದುಕೊಳ್ಳಲಿಲ್ಲ. ಯಂತ್ರ ಇದ್ದದ್ದು ನಮ್ಮ ಮನೆಯಲ್ಲಿ, ಶುಕ್ರವಾರವೇ ಅದನ್ನು ಕಂಬಳಿ ಸುತ್ತಿ ಪೆಟ್ಟಿಗೆಗೆ ಹಾಕಿ ಹಗ್ಗ ಕಟ್ಟಿಯಾಗಿತ್ತು. ಭಾನುವಾರ ಜಮಖಾನ ಹಾಸಿ ಚೀಲ ಬಿಚ್ಚಿದರೆ ನಾಲ್ಕು ಮನೆಯಿಂದ ಬಾಳೆಹಣ್ಣು, ಎರಡು ಮನೆಯಿಂದ ಬರೀ ಬ್ರೆಡ್ಡು, ನಾನು ಬೇಯಿಸಿಕೊಂಡು ಹೋಗಿದ್ದ ಮೊಟ್ಟೆ. ಕುಡಿಯುವ ನೀರು ಯಾರೂ ತಂದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡು ಮಾತ್ರ ಹದಿನಾಲ್ಕು ಇದ್ದವು, ಏಕೆಂದರೆ ಅದನ್ನು ತರಲು ಇವರಿಗೆ ಪಟ್ಟಿ ಬೇಕಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಕೊನೆಗೆ ನಾನೂ ಔಷಧಿ ಅಂಗಡಿಯವರ ಹೆಂಡತಿಯೂ ಪಾರ್ಕಿನ ಆ ತುದಿಯ ನಲ್ಲಿಗೆ ಹೋಗಿ, ಟೀ ಕೆಟಲಿನಲ್ಲೇ ನೀರು ಹಿಡಿದು ತಂದೆವು.

ಪಾರ್ಕು ಚೆನ್ನಾಗಿತ್ತು. ಕೊಳದ ಪಕ್ಕ ಹುಲ್ಲು ಹೊಸದಾಗಿ ಕತ್ತರಿಸಿದ್ದರು. ಬೇರೆ ಸಂಸಾರಗಳು ಚೆಂಡಾಡುತ್ತಿದ್ದವು, ಬೆಂಚಿನ ಮೇಲೆ ನಿದ್ದೆ ಮಾಡುತ್ತಿದ್ದವು. ನಮ್ಮವರು ಜಮಖಾನದ ಮೇಲೆ ಯಂತ್ರಗಳನ್ನು ಸಾಲಾಗಿ ಇಟ್ಟು, ಬಿಸಿಲಿಗೆ ಪರದೆ ಕಾಣುವುದಿಲ್ಲ ಎಂದು ಅವುಗಳ ಮೇಲೆ ಕೊಡೆ ಹಿಡಿದು ಕೂತರು. ಯಂತ್ರ ನೆರಳಿನಲ್ಲಿ, ಮನುಷ್ಯರು ಬಿಸಿಲಿನಲ್ಲಿ. ಹಾದುಹೋಗುತ್ತಿದ್ದ ಒಬ್ಬ ಅಜ್ಜಿ, ಇವು ಮಾರೋದಕ್ಕಾ ಎಂದು ಕೇಳಿದರು. ಔಷಧಿ ಅಂಗಡಿಯವರ ಹೆಂಡತಿ ತಡಮಾಡದೆ ‘ಬೇಕಾದ್ರೆ ಹಾಗೇ ತಗೊಂಡು ಹೋಗಿ ಅಜ್ಜಿ’ ಎಂದಳು. ನಾನು ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ಹಾಗೇ ಹುಲ್ಲಿನ ಮೇಲೆ ಮಲಗಿ, ಮುಂದಿನ ಭಾನುವಾರದ ಲೆಕ್ಕ ಹಾಕಿದೆ. ಯಂತ್ರ ಬೇರೆ ಮನೆ ತೋರಿಸಿದರೆ ಮೊದಲ ವಾರ ನಿದ್ದೆ. ಎರಡನೆಯ ವಾರವೂ ನಿದ್ದೆ. ಮೂರನೆಯ ವಾರಕ್ಕೆ ಏನಾದರೂ ಯೋಚಿಸೋಣ ಎಂದುಕೊಂಡೆ.

ಕರೆಂಟು ತಂದದ್ದು ಪಾರ್ಕಿನ ಪಂಪಿನ ಕೋಣೆಯಿಂದ. ಮಾಲಿ ಒಳ್ಳೆಯ ಮನುಷ್ಯ, ಆದರೆ ಮೊದಲೇ ಷರತ್ತು ಹಾಕಿದ್ದ: ಮೂರು ಗಂಟೆಗೆ ಗಿಡಕ್ಕೆ ನೀರು ಬಿಡಬೇಕು, ಆಗ ನಿಮ್ಮ ಪ್ಲಗ್ ಕಿತ್ತುಬಿಡುತ್ತೇನೆ ಎಂದು. ಅದಕ್ಕೆ ಮುಂಚೆಯೇ ಚೀಟಿ ಎತ್ತಿಸಬೇಕಿತ್ತು. ಆದರೆ ಯಾವುದೋ ಕೀಲಿಮಣೆಯಲ್ಲಿ ಒಂದು ಗುಂಡಿ ಸಿಕ್ಕಿಹಾಕಿಕೊಂಡು, ಅದನ್ನು ಬಿಡಿಸುವುದರಲ್ಲಿ ಎಲ್ಲರೂ ಮುಳುಗಿ, ಎಚ್ಚರವಾದಾಗ ಮೂರಕ್ಕೆ ಎರಡು ನಿಮಿಷ. ಗುಂಡಿ ಒತ್ತುವವರು ಹಿರಿಯರಾದ ಗಡಿಯಾರದವರೇ. ಬಳಗದ ನಿಯಮ ನಿಮಗೆ ಗೊತ್ತಲ್ಲ, ಬಂದ ಹೆಸರನ್ನು ಅವರು ಗಟ್ಟಿಯಾಗಿ ಓದಿ, ಮೇಷ್ಟ್ರು ಪುಸ್ತಕದಲ್ಲಿ ಬರೆದರೆ ಮಾತ್ರ ಅದು ಆದಂತೆ. ನಾನು ಎದ್ದು ಅವರ ಬೆನ್ನ ಹಿಂದೆ ನಿಂತೆ. ಈ ವಯಸ್ಸಿನಲ್ಲಿ, ಪರೀಕ್ಷೆಯ ಫಲಿತಾಂಶ ನೋಡಲು ಬಂದ ಹುಡುಗಿಯ ಹಾಗೆ ತುದಿಗಾಲಿನಲ್ಲಿ ಇಣುಕಿದೆ. ಪರದೆಯ ಮೇಲೆ ಐದು ಎಂದು ಬಂತು, ಪಕ್ಕದಲ್ಲಿ ನಿಮ್ಮ ಹೆಸರು. ಅಳು ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಅಲ್ಲಿ ಮಾಲಿ ಪ್ಲಗ್ ಕಿತ್ತ. ಪರದೆ ಆರಿತು.

‘ಬರೀದೆ ಇರೋ ಚೀಟಿ ಚೀಟಿನೇ ಅಲ್ಲ’ ಎಂದರು ಗಡಿಯಾರದವರು. ನನಗೆ ಹೋದ ಜೀವ ಬಂದಂತಾಯಿತು. ಪಂಪು ನಿಲ್ಲುವವರೆಗೆ ಮುಕ್ಕಾಲು ಗಂಟೆ ಕಾದು, ಯಂತ್ರವನ್ನು ಮತ್ತೆ ಹಚ್ಚಿ, ಮತ್ತೆ ಗುಂಡಿ ಒತ್ತಿದರು. ಐದು. ಎಲ್ಲರೂ ನಕ್ಕರು. ಲಿಫ್ಟ್ ಮೆಕ್ಯಾನಿಕ್, ನಿಮ್ಮ ಬಲಗೈ ಬಂಟ, ‘ಅತ್ತಿಗೆ, ನಿಮ್ಮ ಟೀ ರುಚಿ ಯಂತ್ರಕ್ಕೂ ಹತ್ತಿಬಿಟ್ಟಿದೆ’ ಎಂದ. ಮೇಷ್ಟ್ರು ಬರೆಯಲು ಬಗ್ಗಿದರು. ಅಷ್ಟರಲ್ಲಿ ನಾನು ಹೋಗಿ ಪ್ಲಗ್ ಕಿತ್ತೆ. ಹೌದು, ನಾನೇ. ‘ಇನ್ನೊಂದು ಸಲ ಎತ್ತಿ’ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅವರಿಗೆ ಹೇಗೆ ಸಿಗಬೇಕು, ಯಾರೂ ಎದುರಾಡಲಿಲ್ಲ. ಮೂರನೆಯ ಸಲವೂ ಐದು. ಮತ್ತೆ ಕಿತ್ತು ಹಚ್ಚಿಸಿದೆ. ನಾಲ್ಕನೆಯ ಸಲವೂ ಐದು. ಹನ್ನೆರಡು ವರ್ಷದಲ್ಲಿ ಒಂದೇ ದಿನ ಎರಡು ಸಲ ಚೀಟಿ ಎತ್ತಿದ್ದೇ ಇರಲಿಲ್ಲ, ಆದ್ದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಗ ಯಾರೂ ನಗಲಿಲ್ಲ.

ಲಿಫ್ಟಿನವನು ಪ್ರೋಗ್ರಾಮನ್ನು ಪರದೆಯ ಮೇಲೆ ಬಿಡಿಸಿ ಹಾಕಿದ. ಇಪ್ಪತ್ತು ಸಾಲು ಕೂಡ ಇಲ್ಲ. ಅಣ್ಣ ಬರೆದದ್ದು, ನೋಡುವುದೇನಿದೆ ಎಂದು ಇಷ್ಟು ದಿನ ಒಬ್ಬರೂ ತೆಗೆದು ನೋಡಿರಲಿಲ್ಲವಂತೆ. ಬೆರಳಿಟ್ಟು ಓದುತ್ತಾ ಹೋದವನು ತಲೆ ಕೆರೆದುಕೊಂಡು, ‘ಕಲಸೋ ಸಾಲೇ ಇಲ್ವಲ್ಲ ಮೇಷ್ಟ್ರೇ’ ಎಂದ. ಮೇಷ್ಟ್ರು ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಯಂತ್ರ ತಾನಾಗಿ ಚೀಟಿಗಳನ್ನು ಕಲಸುವುದಿಲ್ಲವಂತೆ, ಕಲಸು ಎಂದು ಒಂದು ಸಾಲು ಬರೆದು ಹೇಳಬೇಕಂತೆ. ಹೇಳದಿದ್ದರೆ ಹೊಸದಾಗಿ ಹಚ್ಚಿದಾಗಲೆಲ್ಲ ಮೊದಲು ಅದೇ ಅಂಕಿಯನ್ನೇ ಎತ್ತಿಕೊಡುತ್ತದಂತೆ. ‘ಡಬ್ಬಿ ಅಲ್ಲಾಡಿಸದೆ ಕೈ ಹಾಕಿದ ಹಾಗೆ ತಾಯಿ, ಮೇಲಿದ್ದಿದ್ದೇ ಬರುತ್ತೆ’ ಎಂದರು. ಗಡಿಯಾರದವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಹುಡುಗ ಮರೆತಿದ್ದಾನೆ. ನಾವೂ ನೋಡ್ಲಿಲ್ಲ. ತಪ್ಪಾಯ್ತಮ್ಮ’ ಎಂದು ಕೈ ಮುಗಿದರು. ನಿಮ್ಮನ್ನು ಹುಡುಗ ಎನ್ನುವವರು ಈಗ ಅವರೊಬ್ಬರೇ ಉಳಿದಿರುವುದು. ಎಂಬತ್ತರ ಹತ್ತಿರದವರು ಕೈ ಮುಗಿದರೆ ಏನನ್ನಲಿ. ಪರವಾಗಿಲ್ಲ ಬಿಡಿ ಎಂದೆ. ಒಳಗೆ ಹಾಗಿರಲಿಲ್ಲ.

ಲಿಫ್ಟಿನವನು ಆ ಸಾಲು ಸೇರಿಸಿದ. ಒಂದೇ ಒಂದು ಪದ. ಬರೆಯಲು ಅವನಿಗೆ ಮೂಗು ಒರೆಸಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಮತ್ತೆ ಗುಂಡಿ ಒತ್ತಿದರು. ಎರಡು ಬಂತು, ಔಷಧಿ ಅಂಗಡಿಯವರ ಹೆಸರು. ಮೇಷ್ಟ್ರು ಈ ಸಲ ತಡಮಾಡದೆ ಬರೆದುಬಿಟ್ಟರು. ನಾನು ಆ ಹೆಣ್ಣುಮಗಳ ಮುಖ ನೋಡಬಾರದಿತ್ತು, ನೋಡಿದೆ. ಬಾಳೆಹಣ್ಣಿನ ಸಿಪ್ಪೆ ಕೂಡಿಸುತ್ತಿದ್ದವಳ ಕೈ ಹಾಗೇ ನಿಂತಿತು. ಗಂಡನ ಕಡೆ ತಿರುಗಲಿಲ್ಲ, ನನ್ನ ಕಡೆ ನೋಡಿದಳು. ‘ನಮ್ಮನೆ ಮುಂದಿನ ಕೋಣೆ ಚಿಕ್ಕದಲ್ವಾ ಅಕ್ಕ’ ಎಂದಳು. ದಿನವಿಡೀ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು ಅವಳೂ. ಪಾಪ ಎನ್ನಿಸಿತು. ಹೋಗಲಿ, ನಮ್ಮಲ್ಲೇ ಮುಂದುವರಿಯಲಿ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಹೊರಗೆ ಬಿಡಲಿಲ್ಲ. ನನಗೆ ಸಾಕಾಗಿದೆ. ಒಳ್ಳೆಯವಳಾಗುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ದೊಡ್ಡ ಕೆಟಲು ನಿನಗೇ ಕೊಡುತ್ತೇನಮ್ಮ ಎಂದೆ, ಅಷ್ಟೇ.

ನಿನ್ನೆ ಸಂಜೆ ತಳ್ಳುಗಾಡಿ ತಂದು ಎಲ್ಲ ಸಾಗಿಸಿದರು. ನಿಮ್ಮ ಸ್ವಂತದ ಚಿಕ್ಕ ಯಂತ್ರವೊಂದನ್ನು ಮೂಲೆಯ ಮೇಜಿನ ಮೇಲೆ ಬಿಟ್ಟಿದ್ದಾರೆ, ನೀವೇ ಬಂದು ತೀರ್ಮಾನಿಸಲಿ ಎಂದು. ಕೋಣೆಯಲ್ಲಿ ಈಗ ಮಾತಾಡಿದರೆ ಮರುದನಿ ಕೇಳಿಸುತ್ತದೆ. ನೆಲದ ಮೇಲೆ ಮೇಜಿನ ಕಾಲುಗಳ ಗುರುತು, ಪೆಟ್ಟಿಗೆಗಳಿದ್ದ ಕಡೆ ಗೋಡೆಯ ಬಣ್ಣವೇ ಬೇರೆ. ಗುಡಿಸಿದರೆ ಅರ್ಧ ಲೋಟ ಸ್ಕ್ರೂ ಸಿಕ್ಕಿತು. ಇವತ್ತು ಬೆಳಿಗ್ಗೆ ನಟ್ಟನಡುವೆ ಕುರ್ಚಿ ಹಾಕಿಕೊಂಡು ಒಬ್ಬಳೇ ಟೀ ಕುಡಿದೆ. ಖುಷಿಯಾಗಬೇಕಿತ್ತು. ಆಯಾಸ ಇನ್ನೂ ಹೆಚ್ಚಾದಂತಿದೆ. ಹೊರೆ ಹೊತ್ತಿರುವಾಗಲ್ಲ, ಇಳಿಸಿದ ಮೇಲೇ ಹೆಗಲ ನೋವು ತಿಳಿಯುವುದು.

ನಿಮ್ಮ ಮೇಲೆ ಕೋಪವಿಲ್ಲ. ಬರೆಯುವ ಮುಂಚೆ ಇತ್ತೋ ಏನೋ, ಬರೆಯುತ್ತಾ ಬರೆಯುತ್ತಾ ಇಳಿಯಿತು. ಶಾಲೆಗೆ ಹೋಗಿ ನಮ್ಮ ಮಗಳನ್ನು ಬಿಟ್ಟು ಪಕ್ಕದ ಮನೆಯ ಮಗುವನ್ನು ಕೈಹಿಡಿದು ಕರೆತಂದವರು ನೀವು. ಒಂದು ಸಾಲು ಬರೆಯಲು ಮರೆತಿರಿ ಎಂದರೆ ನಾನು ನಂಬಲೇಬೇಕು. ತಿಂಗಳ ಕೊನೆಗೆ ನಾಲ್ಕು ದಿನ ರಜೆ ಸಿಕ್ಕಿದೆ, ಭಾನುವಾರ ಬೆಳಿಗ್ಗೆ ಮನೆಯಲ್ಲಿರುತ್ತೇನೆ, ಬಳಗದವರಿಗೆಲ್ಲ ಬರಲು ಹೇಳಿಡು ಎಂದು ಪ್ಯಾನಲ್ ಕಥೆಯ ಕೊನೆಗೆ ಬರೆದಿದ್ದೀರಿ. ಅವರು ಈಗ ಸೇರುವುದು ಔಷಧಿ ಅಂಗಡಿಯವರ ಮನೆಯಲ್ಲಿ, ನೀವೇ ಅಲ್ಲಿಗೆ ಹೋಗಿ ಬರಬಹುದು. ಇಲ್ಲ, ಅದೊಂದು ದಿನ ಇಲ್ಲಿಗೇ ಕರೆಯಬೇಕೆಂದರೆ ಕರೆಯುತ್ತೇನೆ, ಲೋಟಗಳಂತೂ ಇನ್ನೂ ನಮ್ಮಲ್ಲೇ ಇವೆ. ನಿಮ್ಮಿಷ್ಟ.

ಗಡಿಯಾರದವರು ನಿಮ್ಮನ್ನು ಬಹಳ ಕೇಳಿದರು. ಉದ್ದಕ್ಕ ನಮಸ್ಕಾರ ತಿಳಿಸಲು ಹೇಳಿದ್ದಾಳೆ. ಮಾತ್ರೆ ತಪ್ಪಿಸಬೇಡಿ, ತಣ್ಣಗಿನ ನೀರಿನಲ್ಲಿ ಸ್ನಾನ ಮಾಡಬೇಡಿ. ಏಣಿಯ ಮೇಲಿದ್ದಾಗ ದೇವರು ಕಾಯಲಿ. ನೆಲದ ಮೇಲಿದ್ದಾಗ ನಿಮ್ಮನ್ನು ನೀವೇ ಕಾಯ್ದುಕೊಳ್ಳಿ.

ಇಂತಿ,
ನಿಮ್ಮ ಮನೆಯವಳು

ವಿ.ಸೂ.: ಲಕೋಟೆ ಹುಡುಕಲು ನಿಮ್ಮ ಕಪಾಟು ತೆಗೆದೆ. ಚೀಟಿ ಎತ್ತುವ ಈ ಪ್ರೋಗ್ರಾಮಿನ ಫ್ಲಾಪಿಗಳನ್ನು ವರ್ಷಕ್ಕೊಂದರಂತೆ ಇಸವಿ ಬರೆದು ಜೋಡಿಸಿಟ್ಟಿದ್ದೀರಿ. ಹನ್ನೊಂದು ವರ್ಷ ಟೀ ತಟ್ಟೆ ಹಿಡಿದು ನಿಮ್ಮ ಬೆನ್ನ ಹಿಂದೆ ನಿಂತವಳಿಗೆ ಫ್ಲಾಪಿ ಹಾಕಿ ಪ್ರೋಗ್ರಾಮು ತೆರೆಯುವುದು ಬರುತ್ತದೆ. ಇದು ನಿಮಗೆ ಗೊತ್ತಿಲ್ಲ. ಮೂಲೆಯ ಯಂತ್ರದಲ್ಲಿ ಹಾಕಿ ನೋಡಿದೆ. ಮೊದಲ ವರ್ಷದ್ದರಲ್ಲಿ ಲಿಫ್ಟಿನವನು ಬರೆದ ಅದೇ ಪದ ಇದೆ, ನಿಮ್ಮ ಹೆಸರು ಮೊದಲನೆಯದು. ಎರಡನೆಯ ವರ್ಷದ್ದರಲ್ಲಿ ಆ ಪದ ಇಲ್ಲ, ನಿಮ್ಮ ಹೆಸರು ಐದನೆಯದು. ಪದ ಬಿಟ್ಟುಹೋದರೆ ಮರೆವು ಎನ್ನಬಹುದು. ಹೆಸರು ತಾನಾಗಿ ಎದ್ದು ಐದನೆಯ ಜಾಗಕ್ಕೆ ಹೋಗಿ ಕೂರುವುದಿಲ್ಲ. ಅದು ಮಗಳು ಮದುವೆಯಾಗಿ ಹೋದ ವರ್ಷ, ಮನೆಯಲ್ಲಿ ನಾವಿಬ್ಬರೇ ಉಳಿದ ವರ್ಷ. ಬಳಗದವರಿಗೆ ನಾನು ಹೇಳುವುದಿಲ್ಲ. ಮೇಲೆ ಕೋಪವಿಲ್ಲ ಎಂದು ಬರೆದಿದ್ದೇನೆ, ಅದನ್ನು ಹೊಡೆದುಹಾಕಿಕೊಂಡು ಓದಿ. ಒಂದನ್ನೇ ಕೇಳುತ್ತೇನೆ: ವಾರಕ್ಕೊಂದು ದಿನ ನನ್ನೊಬ್ಬಳ ಎದುರು ಕೂರುವುದು ನಿಮಗೆ ಅಷ್ಟು ಕಷ್ಟವಾಗಿತ್ತೇ? ಉತ್ತರ ಕಾಗದದಲ್ಲಿ ಬೇಡ. ಆ ಭಾನುವಾರ ನಾನು ಯಾರನ್ನೂ ಕರೆಯುತ್ತಿಲ್ಲ, ನೀವೂ ಔಷಧಿ ಅಂಗಡಿಯವರ ಮನೆಗೆ ಹೋಗುವಂತಿಲ್ಲ. ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಅದು ಗೊತ್ತಿದ್ದೂ ಬರುವುದಾದರೆ ಬನ್ನಿ.